ಕೊಂಬುಗಾರನ ಇಪ್ಪತ್ತನಾಲ್ಕು ಹಿಡಿಗಳು

“ಗುರುಗಳೇ, ಮನಸಾರೆ ಕೊಟ್ಟದ್ದನ್ನೂ ಜನ ಯಾಕೆ ಒಲ್ಲೆ ಅನ್ನುತ್ತಾರೆ?”

ಕೇಳಿದವನು ಪಂಚಾಕ್ಷರಿ. ಮಠದ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ನಲವತ್ತೈದರ ಗಂಡಸು. ಬೆಳಗಿನ ಪೂಜೆ ಮುಗಿದಿತ್ತು. ಗುರುಗಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸುಮ್ಮನೆ ಕೂತು ಉಪದೇಶ ಮಾಡುವ ಅಭ್ಯಾಸ ಅವರಿಗಿರಲಿಲ್ಲ. ಕೈಗೊಂದು ಕೆಲಸ ಬೇಕು.

“ಯಾರು ಒಲ್ಲೆ ಅಂದರು? ಏನನ್ನು?” ಎಂದರು ಗುರುಗಳು.

“ನಮ್ಮಕ್ಕ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ಅವಳ ಅಡುಗೆಮನೆ ಹೊಗೆ ಹಿಡಿದು ಕಪ್ಪಗಾಗಿತ್ತು. ಅದನ್ನು ಕೆಡವಿಸಿ ಹೊಸದು ಕಟ್ಟಿಸಿದೆ. ದಸರಾ ರಜೆ, ಬೇಸಿಗೆ ರಜೆ, ಎರಡರಲ್ಲೂ ನಾನೇ ಅಲ್ಲಿ ನಿಂತು ಕೆಲಸ ಮಾಡಿಸಿದೆ. ನಿಂತು ಬೇಯಿಸುವ ಕಟ್ಟೆ, ಅದರ ಮೇಲೆ ಕಡಪ ಕಲ್ಲು, ಗ್ಯಾಸ್ ಒಲೆ, ಕೈಗೆಟಕುವ ಹಾಗೆ ನಲ್ಲಿ. ಏಳು ತಿಂಗಳಾಯಿತು ಗುರುಗಳೇ. ಒಂದು ದಿನ ಅವಳು ಅಲ್ಲಿ ಒಲೆ ಹಚ್ಚಿಲ್ಲವಂತೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿಕೊಂಡು ಬೇಯಿಸುತ್ತಾಳಂತೆ. ನೋಡಿದವರು ನಗುತ್ತಾರೆ. ಸಂಕ್ರಾಂತಿಗೆ ಬಾ ಅಂತ ಹೇಳಿ ಕಳಿಸಿದ್ದಳು. ನಾನು ಬರುವುದಿಲ್ಲ ಅಂದೆ. ಇನ್ನು ಆ ಮನೆಯ ಹೊಸಿಲು ತುಳಿಯುವುದಿಲ್ಲ.”

ಹೀಗೆ ಹೇಳಿಸಿದ್ದು ಕೋಪವೋ ದುಃಖವೋ ಅವನಿಗೇ ತಿಳಿಯಲಿಲ್ಲ.

“ಪಾಪ, ಹೊಸಿಲು ನಿನಗೇನು ಮಾಡಿತ್ತಪ್ಪಾ?” ಎಂದರು ಗುರುಗಳು. “ಕೂತುಕೋ. ಆ ಮೊರವನ್ನು ನಿನ್ನ ಕಡೆ ಎಳೆದುಕೋ. ಹುಳುಕು ಕಾಯಿ ಬಂದರೆ ಆಚೆ ಹಾಕು, ನನ್ನ ಕಡೆ ತಳ್ಳಬೇಡ.”

ಪಂಚಾಕ್ಷರಿ ಕೂತ. ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕೊಂಬುಗಾರನಿದ್ದ. ಊದುವವನಲ್ಲ, ಮಾಡುವವನು. ದೇವರ ಮುಂದೆ, ಮದುವೆಯ ದಿಬ್ಬಣದ ಮುಂದೆ ಊದುತ್ತಾರಲ್ಲ, ಆ ಬಾಗಿದ ಹಿತ್ತಾಳೆ ಕೊಂಬು. ಅದನ್ನು ಯಾವಾಗಲೂ ಜೋಡಿಯಾಗಿಯೇ ಮಾಡಬೇಕು. ಎರಡಕ್ಕೂ ಒಂದೇ ದಪ್ಪ, ಒಂದೇ ಬಾಗು ಇದ್ದರೆ ದನಿ ಸೇರುತ್ತದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಒಂದು ಆನೆಯ ಹಾಗೆ ಘೀಳಿಡುತ್ತದೆ, ಇನ್ನೊಂದು ಕೋಣದ ಹಾಗೆ ಅರಚುತ್ತದೆ. ಈ ಕೊಂಬುಗಾರ ಮಾಡಿದ ಜೋಡಿಯಲ್ಲಿ ಇದು ಯಾವುದು, ಅದು ಯಾವುದು ಅಂತ ಊದುವವನೇ ಹೇಳಲಾರ. ಸುತ್ತ ಏಳು ಹೋಬಳಿಯಲ್ಲಿ ಅವನಿಗೆ ಹೆಸರಿತ್ತು. ಹೆಸರಿದೆ ಅನ್ನುವುದು ಅವನಿಗೂ ಗೊತ್ತಿತ್ತು. ತಪ್ಪು ಅಂತ ನಾನು ಹೇಳುವುದಿಲ್ಲ. ನಲವತ್ತು ವರ್ಷ ಕುಲುಮೆಯ ಮುಂದೆ ಬೆಂದವನಿಗೆ ಅಷ್ಟಾದರೂ ಜಂಬ ಬೇಡವೇ?

ಅವನ ಹೆಂಡತಿ ನಾಟಿ ಮದ್ದು ಕೊಡುತ್ತಿದ್ದಳು. ಊರಿನವರು ಅವಳನ್ನು ಮದ್ದಿನಮ್ಮ ಅನ್ನುತ್ತಿದ್ದರು. ಬಾಣಂತಿಗೆ, ಹಸುಗೂಸಿಗೆ, ಕೆಮ್ಮಿಗೆ, ಹೊಟ್ಟೆಯುಬ್ಬರಕ್ಕೆ ಎಲ್ಲಕ್ಕೂ ಅವಳ ಹತ್ತಿರ ಒಂದು ಚಿಟಿಕೆ ಪುಡಿ ಇರುತ್ತಿತ್ತು. ಒಳ್ಳೆಯ ಕೈಗುಣ. ಮದ್ದಿನ ಪೆಟ್ಟಿಗೆ ಅವಳಪ್ಪನಿಂದ ಬಂದದ್ದು. ಆಳೆತ್ತರದ ಮರದ ಪೆಟ್ಟಿಗೆ, ಅದಕ್ಕೆ ಎಳೆದರೆ ಈಚೆ ಬರುವ ಇಪ್ಪತ್ತನಾಲ್ಕು ಖಾನೆಗಳು. ಒಂದೊಂದು ಖಾನೆಯಲ್ಲಿ ಒಂದೊಂದು ಪುಡಿ.

ಆ ಖಾನೆಗಳ ಹಿಡಿಗಳನ್ನು ನೋಡಬೇಕಿತ್ತು ನೀನು! ಅಪ್ಪನ ಕಾಲದವು ಯಾವತ್ತೋ ಕಿತ್ತು ಹೋಗಿದ್ದವು. ಹೋದದ್ದಕ್ಕೆಲ್ಲ ಅವಳೇ ಕೈಗೆ ಸಿಕ್ಕಿದ್ದನ್ನು ಸಿಕ್ಕಿಸಿದ್ದಳು. ಓಮದ ಖಾನೆಗೆ ಒಂದು ಬಗ್ಗಿದ ಮೊಳೆ. ಹಿಪ್ಪಲಿಗೆ ಗಂಟು ಹಾಕಿದ ಹಗ್ಗ. ಬಜೆಗೆ ಕವಡೆ. ಒಂದಕ್ಕೆ ಚಕ್ಕಳದ ತುಂಡು, ಒಂದಕ್ಕೆ ಮುರಿದ ಸೌಟಿನ ಬಾಲ. ಒಂದರ ಹಾಗೆ ಒಂದಿಲ್ಲ. ಎದುರಿಗೆ ಕುಲುಮೆಯಲ್ಲಿ ಕೂತಿದ್ದ ಗಂಡನಿಗೆ ಅದನ್ನು ಕಂಡಾಗಲೆಲ್ಲ ಕಣ್ಣಿಗೆ ಕಸ ಬಿದ್ದ ಹಾಗಾಗುತ್ತಿತ್ತು. ನಾಳೆ ಸರಿಮಾಡಿಕೊಡೋಣ ಅಂದುಕೊಳ್ಳುತ್ತಿದ್ದ. ಅಷ್ಟರಲ್ಲಿ ಯಾವುದೋ ಊರಿನಿಂದ ಜೋಡಿ ಕೊಂಬು ಬೇಕು ಅಂತ ಬರುತ್ತಿದ್ದರು. ಹಾಗೇ ಮೂವತ್ತು ವರ್ಷ ಕಳೆಯಿತು.

ಒಂದು ದಿನ ಊರಿನ ಶಾನುಭೋಗ ಕೆಮ್ಮಿಗೆ ಮದ್ದು ಕೇಳಲು ಬಂದ. ಪೆಟ್ಟಿಗೆ ನೋಡಿ ನಕ್ಕ. “ಏನಯ್ಯಾ, ಊರೂರ ದೇವರಿಗೆಲ್ಲ ಬಂಗಾರದಂಥ ಕೊಂಬು ಮಾಡಿಕೊಡ್ತೀಯ, ಹೆಂಡತಿಗೆ ಮಾತ್ರ ಹಗ್ಗದ ತುಂಡಾ? ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀನೇ ಕಣಯ್ಯ,” ಅಂದ.

ಶಾನುಭೋಗ ತಮಾಷೆಗೆ ಹೇಳಿ ಹೋದ. ಕೊಂಬುಗಾರನ ಮನಸ್ಸಿಗೆ ಅದು ನಾಟಿತು. ನಿಜವಲ್ಲವೇ? ಕುಲುಮೆಯ ಕಿಡಿ ಸಿಡಿದು ಅವನ ತೋಳು ಸುಟ್ಟಾಗ ಮೂರು ತಿಂಗಳು ಎಣ್ಣೆ ಹಚ್ಚಿದವಳು ಅವಳು. ಮಕ್ಕಳಿಲ್ಲದ ಮನೆಯಲ್ಲಿ ಅವನಿಗೆ ಮಗುವೂ ಅವಳೇ, ತಾಯಿಯೂ ಅವಳೇ ಆಗಿದ್ದಳು. ಅಂಥವಳಿಗೆ ತನ್ನ ಕೈಯಾರೆ ಏನೂ ಮಾಡಿಕೊಟ್ಟಿಲ್ಲವಲ್ಲ ಅಂತ ಅವನಿಗೆ ನಾಚಿಕೆಯಾಯಿತು.

ಆಷಾಢ ಬಂತು. ಮದುವೆಯಿಲ್ಲ, ಮುಂಜಿಯಿಲ್ಲ, ಕೊಂಬು ಕೇಳುವವರಿಲ್ಲ. ಅವನು ಹೆಂಡತಿಯನ್ನು ಕರೆದು, “ಪೆಟ್ಟಿಗೆಗೆ ಹೊಸ ಹಿಡಿ ಮಾಡ್ತೀನಿ ಕಣೇ, ಹಿತ್ತಾಳೇದು,” ಅಂದ.

“ಬೇಡ ಬಿಡಿ,” ಅಂದಳು ಅವಳು. “ಇದ್ದದ್ದೇ ಕೈಗೆ ರೂಢಿಯಾಗಿದೆ.”

“ಸುಮ್ನಿರೇ, ನಿನಗೇನು ಗೊತ್ತು!” ಅಂದ ಅವನು, ಪ್ರೀತಿಯಿಂದಲೇ. ಗಂಡನಿಗೆ ತೊಂದರೆ ಕೊಡಬಾರದು ಅಂತ ಬೇಡ ಅನ್ನುತ್ತಿದ್ದಾಳೆ ಅಂದುಕೊಂಡ. ಬೇಡ ಅಂದಷ್ಟೂ ಅವನಿಗೆ ಮಾಡಬೇಕು ಅನ್ನಿಸಿತು.

ಇಲ್ಲಿ ಅವನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿನಗೆ ಹೇಳಿಬಿಡುತ್ತೇನೆ, ಕೇಳು. ಮದ್ದಿನಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮಂಜು ಕವಿದ ಹಾಗೆ ಶುರುವಾದದ್ದು ಆ ಯುಗಾದಿಯ ಹೊತ್ತಿಗೆ ಪೂರಾ ಮುಚ್ಚಿಹೋಗಿತ್ತು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕುರುಡಿಯ ಕೈಯಿಂದ ಮಗುವಿಗೆ ಮದ್ದು ಯಾರು ಹಾಕಿಸುತ್ತಾರೆ? ಮನೆ ಅವಳ ಕಾಲಿಗೆ ಗೊತ್ತಿತ್ತು. ಪೆಟ್ಟಿಗೆ ಅವಳ ಬೆರಳಿಗೆ ಗೊತ್ತಿತ್ತು. ಮೊಳೆ ಸಿಕ್ಕಿತೋ, ಅದು ಓಮ. ಕವಡೆ ಸಿಕ್ಕಿತೋ, ಅದು ಬಜೆ. ಊರಿಗೆ ಹರಕುಮುರುಕಾಗಿ ಕಾಣುತ್ತಿದ್ದ ಆ ಹಿಡಿಗಳನ್ನು ಸವರಿಕೊಂಡೇ ಅವಳು ಒಂದು ತಪ್ಪೂ ಇಲ್ಲದೆ ಮದ್ದು ಕೊಡುತ್ತಿದ್ದಳು.

ವಾಸನೆಯಿಂದ ಗೊತ್ತಾಗುವುದಿಲ್ಲವೇ ಅಂತ ನೀನು ಬಾಯಿ ತೆರೆಯುವುದಕ್ಕೆ ಮೊದಲೇ ಹೇಳುತ್ತೇನೆ. ಹಳೆಯ ಪೆಟ್ಟಿಗೆ. ಎಲ್ಲ ಖಾನೆಯ ಪುಡಿಯೂ ಎಲ್ಲ ಖಾನೆಗೂ ಹಾರಿ, ಇಡೀ ಪೆಟ್ಟಿಗೆಗೆ ಒಂದೇ ಘಾಟು. ಅದನ್ನೇ ಕುಡಿದು ಕುಡಿದು ಅವಳ ಮೂಗು ಮೊಂಡಾಗಿತ್ತು. ನಾಲಿಗೆಗೆ ಹಚ್ಚಿ ನೋಡಬಹುದಿತ್ತು. ಆದರೆ ಮುಂದೆ ಕೂತವರು ಯಾಕಮ್ಮಾ ಅಂತ ಕೇಳಿದರೆ?

ಅವಳ ತಂಗಿಯ ಮಗಳಿಗೆ ಹೆರಿಗೆಯಾಯಿತು ಅಂತ ಸುದ್ದಿ ಬಂತು. ಸುದ್ದಿ ತಂದವರ ಗಾಡಿಯಲ್ಲೇ ಅವಳು ಎಂಟು ದಿನದ ಮಟ್ಟಿಗೆ ಪಕ್ಕದೂರಿಗೆ ಹೋದಳು. ಕೊಂಬುಗಾರನಿಗೆ ಅಷ್ಟೇ ಬೇಕಾಗಿತ್ತು.

ಕೊಂಬು ಮಾಡಿ ಉಳಿದ ಹಿತ್ತಾಳೆ ಕೊಳವೆಯ ತುಂಡುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಒಂದೇ ದಪ್ಪದವನ್ನು ಆರಿಸಿ, ನೂಲು ಹಿಡಿದು ಅಳೆದು, ಒಂದೇ ಉದ್ದಕ್ಕೆ ಇಪ್ಪತ್ತನಾಲ್ಕು ತುಂಡು ಕೊಯ್ದ. ಕೊಳವೆಯನ್ನು ಬರಿದೇ ಬಗ್ಗಿಸಿದರೆ ನಡುವೆ ನೆರಿಗೆ ಬಿದ್ದು ಅಪ್ಪಚ್ಚಿಯಾಗುತ್ತದೆ. ಅದಕ್ಕೆ ಹೊಳೆಯ ಮರಳನ್ನು ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ಕೊಳವೆಯೊಳಗೆ ಗಿಡಿದು ತುಂಬಿದ. ಎರಡೂ ಬಾಯಿಗೆ ಮರದ ಬಿರಡೆ ಹೊಡೆದ. ಮರಳಿನಲ್ಲಿ ಒಂದಿಷ್ಟು ಹಸಿ ಉಳಿದರೆ ಕಾಯಿಸುವಾಗ ಬಿರಡೆ ಹಾರಿ ಮುಖಕ್ಕೆ ಬಡಿಯುತ್ತದೆ. ಅವನಿಗೆ ಒಮ್ಮೆಯೂ ಬಡಿದದ್ದಿಲ್ಲ. ಕೆಂಪಗೆ ಕಾಯಿಸಿ, ಮರದ ಅಚ್ಚಿಗೆ ಒತ್ತಿ ಬಾಗಿಸಿದ. ಮರಳು ಸುರಿದು, ತುದಿಗಳನ್ನು ಚಪ್ಪಟೆ ಬಡಿದು, ತಿರುಪು ಮೊಳೆಗೆ ತೂತು ಕೊರೆದ. ಹುಣಸೆಹಣ್ಣು ಹಾಕಿ ಉಜ್ಜಿದ.

ಇಪ್ಪತ್ತನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದ. ಒಂದರ ಪಡಿಯಚ್ಚು ಇನ್ನೊಂದು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಇವನು ಹೆತ್ತದ್ದು ಹೆಗ್ಗಣವಲ್ಲ, ನಿಜಕ್ಕೂ ಚೆಂದವೇ. ಹಳೆಯವನ್ನೆಲ್ಲ ಕಿತ್ತು ಹೊಸವನ್ನು ಕೂರಿಸಿದ. ಹೆಂಡತಿ ಬರುವ ದಾರಿ ನೋಡುತ್ತಾ, ಮದುವೆಯ ಗಂಡಿನ ಹಾಗೆ ಒಳಗೂ ಹೊರಗೂ ಓಡಾಡಿದ.

ಅವಳು ಬಂದಳು. ಕಾಲು ತೊಳೆಯುವುದಕ್ಕೂ ಬಿಡದೆ ಅವಳನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಅವಳು ಕೈ ಚಾಚಿದಳು. ಒಂದು ಹಿಡಿ ಮುಟ್ಟಿದಳು. ಎರಡನೆಯದು. ಮೂರನೆಯದು. ಸಾಲಿನ ಕೊನೆಯವರೆಗೂ ಹೋದಳು, ಮತ್ತೆ ಹಿಂದಕ್ಕೆ ಬಂದಳು.

“ಎಲ್ಲಾ ಒಂದೇ ಥರ ಇವೆ,” ಅಂದಳು.

“ಅದೇ ಮತ್ತೆ!” ಅಂದ ಕೊಂಬುಗಾರ. ಅವನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಅವನ ಕಣ್ಣಲ್ಲಿ ನೀರೇ ಬಂತು.

“ಹಳೇವು ಎಲ್ಲಿ?”

“ಅವ್ಯಾಕೆ ಇನ್ನು? ಸುಡೋದನ್ನ ಕುಲುಮೆಗೆ ಹಾಕ್ದೆ. ಉಳಿದದ್ದು ತಿಪ್ಪೆಗೆ.”

“ಚೆನ್ನಾಗಿ ಮಾಡಿದ್ದೀರಿ,” ಅಂದು ಅವಳು ಒಳಗೆ ಹೋದಳು.

ಅವಳು ಸೋಲು ಒಪ್ಪುವ ಹೆಂಗಸಲ್ಲ. ಮೇಲಿನಿಂದ ಎಷ್ಟನೇ ಸಾಲು, ಎಡದಿಂದ ಎಷ್ಟನೇ ಖಾನೆ ಅಂತ ಎಣಿಸಲು ಕಲಿತಳು. ನಾಲ್ಕು ದಿನ ನಡೆಯಿತು. ಐದನೇ ದಿನ ಗಂಡನಿಗೇ ಕೆಮ್ಮು ಬಂತು. ಅತಿಮಧುರದ ಪುಡಿ ಕೊಡಬೇಕು. ಎದುರುಮನೆಯವಳು ಬಾಗಿಲಲ್ಲಿ ನಿಂತು ಹರಟುತ್ತಿದ್ದಳು, ಇವಳ ಎಣಿಕೆ ಒಂದು ತಪ್ಪಿತು. ಪಕ್ಕದ ಖಾನೆಯಲ್ಲಿದ್ದದ್ದು ಸೋನಾಮುಖಿ, ಹೊಟ್ಟೆ ತೊಳೆಯುವ ಪುಡಿ. ಅದನ್ನೇ ಜೇನಿನಲ್ಲಿ ಕಲಸಿ ಕೊಟ್ಟಳು. ಕೊಂಬುಗಾರ ಬೆಳಗಿನಿಂದ ಸಂಜೆಯೊಳಗೆ ಏಳು ಸಲ ಚೊಂಬು ಹಿಡಿದು ಓಡಿದ. ನಗಬೇಡ, ಅವನ ಪಾಡು ಅವನಿಗೆ. “ಹಾಳು ಹಲಸಿನ ಹಣ್ಣು ಕಣೇ, ನಿನ್ನೆ ಜಾಸ್ತಿ ತಿಂದುಬಿಟ್ಟೆ,” ಅಂತ ಅವನು ಹಣ್ಣನ್ನು ಬೈದ.

ಅವಳಿಗೆ ಗೊತ್ತಾಯಿತು. ಹಿತ್ತಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಗಂಡ ಗಟ್ಟಿ ಆಳು, ತಡೆದುಕೊಂಡ. ಇದೇ ಹಾಲು ಕುಡಿಯುವ ಕೂಸಾಗಿದ್ದರೆ?

ಮಾರನೆಯ ದಿನ ಮದ್ದು ಕೇಳಲು ಬಂದವರಿಗೆ, “ನನಗೆ ವಯಸ್ಸಾಯಿತಮ್ಮಾ, ಬಿಟ್ಟುಬಿಟ್ಟೆ,” ಅಂದಳು. ಬಂದವರು ಹಿಂದಕ್ಕೆ ಹೋದರು. ಹೋಗುವವರ ಹೆಜ್ಜೆಯ ಸದ್ದು ಮುಗಿಯುವವರೆಗೂ ಅವಳು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಗೋಡೆಗೆ ಒರಗಿ ಕೂರುತ್ತಿದ್ದಳು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು.

ಮೊದಲು ಕೊಂಬುಗಾರ, “ಒಳ್ಳೇದಾಯ್ತು, ಮಹಾರಾಣಿ ಹಾಗೆ ಕೂತ್ಕೋ,” ಅಂದ. ವಾರ ಕಳೆಯಿತು, ಎರಡು ವಾರ ಕಳೆಯಿತು. ಅವಳು ಪೆಟ್ಟಿಗೆಯ ಕಡೆ ಸುಳಿಯಲಿಲ್ಲ. ಆಗ ಅವನಿಗೆ ನೋಯತೊಡಗಿತು. ಮೂವತ್ತು ವರ್ಷ ಹಗ್ಗದ ತುಂಡು ಎಳೆದವಳು, ನಾನು ಮಾಡಿಕೊಟ್ಟ ಮೇಲೆ ಮುಟ್ಟಲೂ ಒಲ್ಲಳಲ್ಲ! ನನ್ನ ಕೆಲಸ ಅಂದರೆ ಇವಳಿಗೆ ಇಷ್ಟು ತಾತ್ಸಾರವೇ? ಅವನೂ ಮಾತು ಬಿಟ್ಟ. ಅವಳು ಬಡಿಸಿದಳು, ಇವನು ಉಂಡ. ಆ ಮನೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಕೂಸನ್ನು ಎದೆಗೊತ್ತಿಕೊಂಡು ಓಡಿಬಂದಳು. ಕೂಸಿಗೆ ಹೊಟ್ಟೆಯುಬ್ಬರ, ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಮದ್ದಿನಮ್ಮ ಆಗುವುದಿಲ್ಲ ಅಂದಳು. ಆ ತಾಯಿ ಹೊಸಿಲಲ್ಲೇ ಕುಸಿದು ಕೂತು, “ನಿಮ್ಮ ಕಾಲಿಗೆ ಬೀಳ್ತೀನಿ ಅವ್ವಾ,” ಅಂತ ಗೋಳಾಡಿದಳು. ಮದ್ದಿನಮ್ಮನಿಗೆ ಕೂರಲು ಆಗಲಿಲ್ಲ. ಎದ್ದು ಪೆಟ್ಟಿಗೆಯ ಹತ್ತಿರ ಹೋದಳು.

ಕೊಂಬುಗಾರ ಕುಲುಮೆಯಿಂದ ನೋಡುತ್ತಿದ್ದ. ಅವಳ ಕೈ ಒಂದು ಹಿಡಿಯನ್ನು ಮುಟ್ಟಿತು, ಬಿಟ್ಟಿತು. ಇನ್ನೊಂದನ್ನು ಮುಟ್ಟಿತು, ಬಿಟ್ಟಿತು. ಮತ್ತೆ ಮೊದಲನೆಯದಕ್ಕೆ ಬಂತು. ಅವನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ರೇಗಿದ.

“ಅದೇನು ತಡಕಾಡ್ತೀಯೇ? ಓಮ ಎರಡನೇ ಸಾಲು, ಕಣ್ಣೆದುರಿಗೇ ಇದೆ!”

ಅವಳು ದನಿ ಬಂದ ಕಡೆ ತಿರುಗಿದಳು. ಮುಖ ಅವನ ಕಡೆಗೇ ಇತ್ತು. ಆದರೆ ಕಣ್ಣು ಅವನ ಪಕ್ಕದ ಕಂಬದ ಮೇಲೆ ನಿಂತಿತ್ತು. ಕೊಂಬುಗಾರ ಸದ್ದಾಗದಂತೆ ಒಂದು ಹೆಜ್ಜೆ ಆಚೆ ಸರಿದ. ಅವಳ ಕಣ್ಣು ಅಲ್ಲೇ ಇತ್ತು. ಇನ್ನೊಂದು ಹೆಜ್ಜೆ ಸರಿದ. ಕಣ್ಣು ಕಂಬವನ್ನು ಬಿಡಲಿಲ್ಲ.

ಕೊಂಬುಗಾರನಿಗೆ ಎಲ್ಲ ಅರ್ಥವಾಯಿತು. ಮುಂದೆ ಬಂದು ಓಮದ ಖಾನೆ ಎಳೆದ, ಅವಳ ಕೈ ಹಿಡಿದು ಅದರೊಳಗೆ ಇಟ್ಟ. ಅವಳು ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡಿದಳು, ಕೂಸಿಗೆ ಎಷ್ಟು ಬೇಕೋ ಅಷ್ಟು ಮಾಡಿಕೊಟ್ಟಳು. ಕೂಸು ತೇಗಿತು. ತಾಯಿ ಕೈಮುಗಿದು ಹೋದಳು.

ಇಬ್ಬರೂ ಪೆಟ್ಟಿಗೆಗೆ ಒರಗಿ ನೆಲದ ಮೇಲೆ ಕೂತರು.

“ನಂಗ್ಯಾಕೆ ಹೇಳ್ಲಿಲ್ವೇ?” ಅಂದ ಅವನು.

“ಹೇಳಿದ್ರೆ ಸಾಕು, ಕೂತ್ಕೋ ಅಂತಿದ್ರಿ. ಸುಮ್ಮನೆ ಕೂತ್ರೆ ನಾನು ಸತ್ತಂಗೇ.”

“ಹಿಡಿ ಹಾಕಿದ ದಿನಾನಾದ್ರೂ...”

“ಅವತ್ತು ಎಷ್ಟು ಖುಷಿಯಾಗಿದ್ರಿ. ನಂಗೆ ಬಾಯಿ ಬರ್ಲಿಲ್ಲ ಕಣ್ರೀ.”

ಅವನು ಅತ್ತ. ಅರವತ್ತರ ಗಂಡಸು, ಬಿಕ್ಕಿ ಬಿಕ್ಕಿ ಅತ್ತ. ಅವಳು ಅವನ ತಲೆ ಸವರಿದಳು. ಆಮೇಲೆ, “ಸಾಕು ಏಳಿ. ಅತ್ರೆ ಓಮ ಎಲ್ಲಿದೆ ಅಂತ ನಂಗೇನು ಗೊತ್ತಾಗಲ್ಲ,” ಅಂದಳು.

ಎದ್ದ. ತಿರುಪು ಬಿಚ್ಚಿ ಇಪ್ಪತ್ತನಾಲ್ಕು ಹಿಡಿಗಳನ್ನೂ ಕುಲುಮೆಯ ಮುಂದೆ ಸುರಿದ. ಒಂದನ್ನು ಬಡಿಯುವ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದ. ಕೈ ಇಳಿಯಲಿಲ್ಲ. ತನ್ನ ಕೆಲಸವನ್ನು ತಾನೇ ಕೆಡಿಸುವುದು ಅವನಿಗೆ ಬಂದದ್ದೇ ಇಲ್ಲ. ಕಣ್ಣು ಮುಚ್ಚಿ ಹೊಡೆದ. ಇನ್ನೊಂದನ್ನು ತೆಗೆದು ಹೊಡೆದ. ಎರಡನ್ನೂ ಅವಳ ಕೈಗೆ ಕೊಟ್ಟ. ಅವಳು ಸವರಿ ನೋಡಿ ನಕ್ಕುಬಿಟ್ಟಳು.

“ಇವೆರಡೂ ಅವಳಿಜವಳಿ ಕಣ್ರೀ. ಪೆಟ್ಟು ಕೂಡ ಒಂದೇ ಜಾಗಕ್ಕೆ ಹಾಕಿದ್ದೀರಲ್ಲ!”

ನೋಡಿದ. ಹೌದು. ನಲವತ್ತು ವರ್ಷ ಜೋಡಿ ಮಾಡಿದ ಕೈ, ಕೆಡಿಸುವಾಗಲೂ ಜೋಡಿಯಾಗಿಯೇ ಕೆಡಿಸಿತ್ತು.

“ನನ್ನ ಕೈಯಲ್ಲಿ ಆಗಲ್ಲ ಕಣೇ,” ಅಂದ.

“ಇಲ್ಲಿ ಕೊಡಿ ಸುತ್ತಿಗೆ,” ಅಂದಳು ಅವಳು.

ಅವನು ಇಕ್ಕಳದಲ್ಲಿ ಹಿಡಿಯನ್ನು ಹಿಡಿದ, ಅವಳು ಹೊಡೆದಳು. ಕಣ್ಣಿಲ್ಲದವಳ ಪೆಟ್ಟು. ಒಂದು ಹಿತ್ತಾಳೆಗೆ ಬಿದ್ದರೆ ಒಂದು ಕಲ್ಲಿಗೆ, ಒಂದು ಅವನ ಹೆಬ್ಬೆರಳಿಗೆ. ಅವನು ಕೈ ತೆಗೆಯಲಿಲ್ಲ. ಒಂದು ಹಿಡಿ ಸೊಟ್ಟಗಾಯಿತು. ಒಂದನ್ನು ಮರಳಿಲ್ಲದೆ ಬರಿದೇ ಬಗ್ಗಿಸಿದಾಗ ನಡುವೆ ನೆರಿಗೆ ಬಿತ್ತು. ಅಂಥದ್ದು ತನ್ನ ಕುಲುಮೆಯಲ್ಲಿ ಹುಟ್ಟಿದರೆ ಅವನು ಯಾರಿಗೂ ಕಾಣದಂತೆ ಕರಗಿಸುತ್ತಿದ್ದ. ಅವಳು ನೆರಿಗೆಯ ಮೇಲೆ ಬೆರಳಾಡಿಸಿ, “ಇದು ಬಜೆಗಿರಲಿ, ತುಂಬಾ ಚೆನ್ನಾಗಿದೆ,” ಅಂದಳು. ಒಂದಕ್ಕೆ ಅರದಿಂದ ಮೂರು ಗೀರು ಹಾಕಿಸಿದಳು, ಒಂದಕ್ಕೆ ತಂತಿ ಸುತ್ತಿಸಿದಳು, ಒಂದನ್ನು ಅರ್ಧಕ್ಕೆ ಕೊಯ್ಯಿಸಿದಳು. “ಇನ್ನೊಂಚೂರು ತಿರುಚಿ,” ಅಂದರೆ ತಿರುಚಿದ. “ಇದು ಬೇಡ,” ಅಂದರೆ ಆಚೆಗಿಟ್ಟ. ಬೇಡ ಅಂದದ್ದನ್ನು ಬೇಡ ಅಂತಲೇ ಕೇಳಿಸಿಕೊಂಡ. ದಿನಕ್ಕೆ ಎರಡೇ ಆಗುತ್ತಿದ್ದವು. ಅವಳು ಪೂರ್ತಿ ಒಪ್ಪುವವರೆಗೂ ಅವನು ಒಂದು ತಿರುಪನ್ನೂ ಬಿಗಿಯಲಿಲ್ಲ.

ಮದ್ದಿನಮ್ಮನಿಗೆ ಕಣ್ಣಿಲ್ಲ ಅಂತ ಊರಿಗೆಲ್ಲ ಗೊತ್ತಾಯಿತು. ಅವಳೇ ಹೇಳಿದಳು. ನಾಲ್ಕು ದಿನ ಜನ ಹಿಂದೆಮುಂದೆ ನೋಡಿದರು. ಐದನೇ ದಿನ ಆ ಕೂಸಿನ ತಾಯಿ ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಆಮೇಲೆ ಒಬ್ಬೊಬ್ಬರೇ ಬಂದರು.

ಶ್ರಾವಣ ಕಳೆದ ಮೇಲೆ ದೂರದೂರಿನ ಕೊಂಬಿನವರು ಹೊಸ ಜೋಡಿಗೆ ಹೇಳಲು ಬಂದರು. ಪೆಟ್ಟಿಗೆಯ ಕಡೆ ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. “ಇದೇನು ಯಜಮಾನ್ರೇ, ಯಾರೋ ಕೆಲಸ ಕಲಿಯೋನು ಮಾಡಿದ ಹಾಗಿದೆ?” ಅಂದರು.

“ಹೂಂ ಕಣಪ್ಪಾ,” ಅಂದ ಕೊಂಬುಗಾರ. “ಈಗ ಕಲೀತಾ ಇದೀನಿ.”

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಸುಲಿದ ಕಾಳನ್ನು ಪಾತ್ರೆಗೆ ಹಾಕಿದರು. ಪಂಚಾಕ್ಷರಿಯ ಮೊರದಲ್ಲಿ ಅರ್ಧ ಕಾಯಿ ಹಾಗೇ ಇತ್ತು. ಕೊಂಬುಗಾರನ ಅಳುವಿನ ಹತ್ತಿರ ಅವನ ಕೈ ನಿಂತುಹೋಗಿತ್ತು. ಲೆಕ್ಕದ ಮೇಷ್ಟ್ರಲ್ಲವೇ, ತನ್ನ ಲೆಕ್ಕಕ್ಕೂ ಈ ಲೆಕ್ಕಕ್ಕೂ ತಾಳೆ ಹಾಕಿ ನೋಡಿದ. ತಾಳೆ ಬೀಳಲಿಲ್ಲ.

“ಆದರೆ ಗುರುಗಳೇ, ನಮ್ಮಕ್ಕನ ಕಣ್ಣು ಚೆನ್ನಾಗಿವೆ. ಕೈಕಾಲು ಗಟ್ಟಿಯಿವೆ. ಅವಳಿಗೆ ಅಂಥದ್ದೇನೂ ಇಲ್ಲ,” ಎಂದ.

ಗುರುಗಳು ಮೊದಲ ಸಲ ಕೈಯ ಕೆಲಸ ಬಿಟ್ಟು ಅವನನ್ನು ನೋಡಿದರು.

“ಹೊಸ ಅಡುಗೆಮನೆಗೆ ಅವಳನ್ನು ಕರೆದುಕೊಂಡು ಹೋದ ದಿನ, ನೀನು ನೋಡುತ್ತಿದ್ದದ್ದು ಅಕ್ಕನ ಮುಖವನ್ನೋ, ಕಲ್ಲಿನ ಹೊಳಪನ್ನೋ?”

“ಕಲ್ಲನ್ನು,” ಎಂದ ಪಂಚಾಕ್ಷರಿ, ಮೊರ ಕೆಳಗಿಟ್ಟು ಸಂಕ್ರಾಂತಿಗೆ ಇನ್ನೆಷ್ಟು ದಿನ ಅಂತ ಬೆರಳು ಮಡಚಿ ಎಣಿಸತೊಡಗಿದ.